ಚಾರ್ಜ್ ಅಂದ್ರೆ ಏನೇನು? ಸರಿಯಾದ ಅರ್ಥ ಹಿಡಿಯೋದು ಹೇಗೆ

ಫೋನಲ್ಲಿ ಚಾರ್ಜ್ ಇಲ್ಲ. ಬಸ್ ಚಾರ್ಜ್ ಜಾಸ್ತಿ ಆಯ್ತು. ಹೊಸ ತಹಶೀಲ್ದಾರರು ಚಾರ್ಜ್ ತಗೊಂಡರು. ಪ್ರತಿಭಟನೆಗೆ ಹೋದವರ ಮೇಲೆ ಲಾಠಿ ಚಾರ್ಜ್ ಆಯ್ತು. ಪೊಲೀಸರು ಚಾರ್ಜ್‌ಶೀಟ್ ಹಾಕಿದರು. ಈ ಐದರಲ್ಲಿ ಒಂದನ್ನೂ ನಾವು ತಪ್ಪು ತಿಳಿಯುವುದಿಲ್ಲ, ಅಲ್ವಾ? ಶಾಲೆಯ ಮೆಟ್ಟಿಲು ಹತ್ತದವರಿಗೂ ಯಾವ ಚಾರ್ಜ್ ಎಲ್ಲಿಯದು ಅಂತ ಗೊತ್ತಿರುತ್ತೆ. ಮಾತಿನಲ್ಲಿ ಇರುವವರೆಗೆ ಈ ಪದ ತುಂಬಾ ಸಾಧು.

ತಕರಾರು ಶುರುವಾಗುವುದು ಅದು ಇಂಗ್ಲಿಷ್ ಕಾಗದದೊಳಗೆ ಕೂತು ಬಂದಾಗ. ಗೃಹಸಾಲದ ಪತ್ರ, ಇಲಾಖೆಯ ಮೆಮೊ, ಕರೆಂಟ್ ಬಿಲ್ಲು, ಕೋರ್ಟಿನ ಆದೇಶ, ವಿದೇಶದ ಸುದ್ದಿ, ಮಕ್ಕಳ ಭೌತಶಾಸ್ತ್ರದ ಪುಸ್ತಕ, ಎಲ್ಲದರಲ್ಲೂ ಇದೇ ಪದ, ಬೇರೆ ಬೇರೆ ಕೆಲಸಕ್ಕೆ. ಚಾರ್ಜ್ ಅಂದ ಕೂಡಲೇ ‘ಶುಲ್ಕ’ ಅಂತ ಓದಿಕೊಂಡು ಹೋದರೆ ಒಂದೊಂದು ಕಡೆ ನಗೆಪಾಟಲು, ಒಂದೊಂದು ಕಡೆ ನಿಜವಾಗಿಯೂ ನಷ್ಟ. ಈ ಪದ ಎದುರಾದಾಗ ಅರ್ಥವನ್ನು ಹೇಗೆ ಹುಡುಕಿಕೊಳ್ಳುವುದು ಅಂತ ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಅರ್ಥಗಳ ಪಟ್ಟಿ ಮಾಡಿ ಬಾಯಿಪಾಠ ಮಾಡೋದು ಬೇಡ. ಅದು ಎರಡು ದಿನವೂ ತಲೆಯಲ್ಲಿ ನಿಲ್ಲುವುದಿಲ್ಲ.

ಹೆಜ್ಜೆ 1: ‘ಹೇರು’ ಅನ್ನುವ ಬೇರನ್ನು ಹಿಡಿಯಿರಿ

ಲ್ಯಾಟಿನ್ನಿನಲ್ಲಿ ‘ಕಾರ್ರುಸ್’ ಅಂದರೆ ಗಾಡಿ. ಅದರಿಂದ ಹುಟ್ಟಿದ ‘ಕಾರ್ರಿಕಾರೆ’ ಅಂದರೆ ಗಾಡಿಗೆ ಸಾಮಾನು ಹೇರುವುದು. ಇದೇ ಹಳೇ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಚಾರ್ಜ್ ಆಗಿ ಬಂತು. ಕಾರ್, ಕ್ಯಾರಿ, ಕಾರ್ಗೋ ಎಲ್ಲ ಅದೇ ಮನೆತನದವು. ಕ್ಯಾರಿಕೇಚರ್ ಅಂತೀವಲ್ಲ, ಆ ವ್ಯಂಗ್ಯಚಿತ್ರವೂ ಅದೇ ಬಳ್ಳಿ. ಇಟಲಿಯವರ ‘ಹೇರುವುದು’ ಅನ್ನುವ ಪದದಿಂದ ಬಂದದ್ದು. ಮೂಗಿನ ಮೇಲೋ ಮೀಸೆಯ ಮೇಲೋ ಒಂದಿಷ್ಟು ಜಾಸ್ತಿ ಹೇರಿದರೆ ಚಿತ್ರ ನಗಿಸುತ್ತೆ.

ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಯಾಕೆಂದರೆ ಚಾರ್ಜಿನ ಹೆಚ್ಚುಕಮ್ಮಿ ಎಲ್ಲ ಅರ್ಥಗಳಲ್ಲೂ ಯಾರೋ ಯಾರ ಮೇಲೋ ಏನನ್ನೋ ಹೇರುತ್ತಿರುತ್ತಾರೆ. ದುಡ್ಡಿನ ಭಾರ ಹೇರಿದರೆ ಶುಲ್ಕ. ತಪ್ಪಿನ ಭಾರ ಹೇರಿದರೆ ಆರೋಪ. ಕೆಲಸದ ಭಾರ ಹೇರಿದರೆ ಜವಾಬ್ದಾರಿ. ಆಸ್ತಿಯ ಮೇಲೆ ಸಾಲದ ಭಾರ ಹೇರಿದರೆ ಋಣ. ಕೋವಿಯಲ್ಲಿ ಮದ್ದು ತುಂಬಿದರೂ ಚಾರ್ಜ್, ಬ್ಯಾಟರಿಯಲ್ಲಿ ವಿದ್ಯುತ್ ತುಂಬಿದರೂ ಚಾರ್ಜ್.

ಕನ್ನಡಿಗರಿಗೆ ಇದು ಸುಲಭವಾಗಿ ಹಿಡಿಸಬೇಕು. ನಾವೂ ಹೀಗೇ ಮಾತಾಡುತ್ತೇವೆ. ತೆರಿಗೆ ಹೇರುತ್ತೇವೆ, ಆರೋಪ ಹೊರಿಸುತ್ತೇವೆ, ಹೊಣೆ ಹೊರುತ್ತೇವೆ. ಸರ್ಕಾರಿ ಕನ್ನಡದ ‘ಪ್ರಭಾರ’ದಲ್ಲಿ ಭಾರ ಇದೆ, ‘ಋಣಭಾರ’ದಲ್ಲಿ ಭಾರ ಇದೆ. ಬೆಳಗಾವಿ ಕಡೆ ಪಹಣಿಯ ಮೇಲಿನ ಸಾಲಕ್ಕೆ ‘ಬೋಜಾ’ ಅಂತಾರೆ, ಅದೂ ಭಾರವೇ.

ಹಾಗಾಗಿ ಚಾರ್ಜ್ ಕಂಡಾಗಲೆಲ್ಲ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾರು, ಯಾರ ಮೇಲೆ, ಏನನ್ನು ಹೇರುತ್ತಿದ್ದಾರೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಕನ್ನಡ ಪದ ತಾನಾಗಿ ಬರುತ್ತೆ.

ಒಂದೇ ಒಂದು ಅರ್ಥ ಇದಕ್ಕೆ ಸಲೀಸಾಗಿ ಬಗ್ಗುವುದಿಲ್ಲ. ಅದು ನುಗ್ಗುವುದು, ಮೇಲೆರಗುವುದು. ಹಳೇ ಕಾಲದ ಸೈನಿಕರು ಈಟಿಯನ್ನು ಎದುರಾಳಿಯ ಕಡೆ ಚಾಚಿ ಸಿದ್ಧವಾಗಿ ಹಿಡಿಯುವುದಕ್ಕೂ ಚಾರ್ಜ್ ಅಂತಲೇ ಹೇಳುತ್ತಿದ್ದರು. ಹಾಗೆ ಈಟಿ ಚಾಚಿಕೊಂಡೇ ಕುದುರೆ ಓಡಿಸಿದರೆ ಅದು ದಾಳಿ. ನಮ್ಮ ಲಾಠಿ ಚಾರ್ಜ್ ಈ ಸಾಲಿನದು. ಬ್ಯಾಟ್ಸ್‌ಮನ್ ಕ್ರೀಸ್ ಬಿಟ್ಟು ಸ್ಪಿನ್ನರ್ ಕಡೆ ಮುನ್ನುಗ್ಗಿದಾಗ ಕಾಮೆಂಟರಿಯವರು ಚಾರ್ಜ್ ಅನ್ನುವುದೂ ಇದನ್ನೇ.

ಹೆಜ್ಜೆ 2: ಕಾಗದ ಯಾರದ್ದು ಅಂತ ನೋಡಿ

ಇದು ತೀರಾ ಸಣ್ಣ ವಿಷಯ ಅನಿಸಬಹುದು, ಆದರೆ ಜನ ಬಿಟ್ಟುಬಿಡುವುದು ಇದನ್ನೇ. ವಾಕ್ಯ ಓದುವ ಮೊದಲು ತಲೆಬರಹ ನೋಡಿ. ಬ್ಯಾಂಕಿನದಾ, ಪೊಲೀಸರದಾ, ಆಸ್ಪತ್ರೆಯದಾ, ಇಲಾಖೆಯದಾ? ಬಿಲ್ಲಿನಲ್ಲಿ ಬಂದ ಚಾರ್ಜ್ ಬಹುಪಾಲು ದುಡ್ಡೇ. ಕೋರ್ಟಿನ ಕಾಗದದಲ್ಲಿ ಬಂದದ್ದು ಬಹುಪಾಲು ಆರೋಪವೇ. ವರ್ಗಾವಣೆ ಆದೇಶದಲ್ಲಿದ್ದರೆ ಪ್ರಭಾರ.

ಆಮೇಲೆ ಏಕವಚನವೋ ಬಹುವಚನವೋ ನೋಡಿ. ಬಿಲ್ಲು, ದರಪಟ್ಟಿಗಳಲ್ಲಿ ‘ಚಾರ್ಜಸ್’ ಅಂತ ಬಂದರೆ ಹೆಚ್ಚಾಗಿ ಶುಲ್ಕಗಳು. ಸುದ್ದಿಯಲ್ಲಿ ಬಂದರೆ ಆರೋಪಗಳು. ಶಾಲೆಯ ಬಗ್ಗೆಯೋ ಆಯಾಗಳ ಬಗ್ಗೆಯೋ ಬರೆದ ಇಂಗ್ಲಿಷ್ ಲೇಖನದಲ್ಲಿ ‘ದಿ ಟೀಚರ್ ಅಂಡ್ ಹರ್ ಚಾರ್ಜಸ್’ ಅಂತಿದ್ದರೆ ದುಡ್ಡೂ ಅಲ್ಲ, ಆರೋಪವೂ ಅಲ್ಲ. ಮಕ್ಕಳು! ಅವರ ಸುಪರ್ದಿಯಲ್ಲಿರುವ ಮಕ್ಕಳು.

ಹೆಜ್ಜೆ 3: ಪಕ್ಕದ ಪುಟ್ಟ ಪದ ಬಿಡಬೇಡಿ

ಅರ್ಥ ಮುಕ್ಕಾಲು ಪಾಲು ಅಡಗಿರುವುದು ಚಾರ್ಜ್ ಪದದಲ್ಲಿ ಅಲ್ಲ, ಅದರ ಹಿಂದೆಮುಂದೆ ಕೂತ ಪುಟಾಣಿ ಪದಗಳಲ್ಲಿ.

‘ಚಾರ್ಜ್ ಫಾರ್’ ಅಂದರೆ ಇಂಥದ್ದಕ್ಕೆ ದುಡ್ಡು ತಗೊಳ್ಳುವುದು. ಪಾರ್ಕಿಂಗ್‌ಗೆ ಇಷ್ಟು, ಡೆಲಿವರಿಗೆ ಇಷ್ಟು. ‘ಚಾರ್ಜ್ ಟು’ ಅಂದರೆ ದುಡ್ಡನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಅನ್ನುವುದು. ಹೋಟೆಲಿನಲ್ಲಿ ‘ಚಾರ್ಜ್ ಇಟ್ ಟು ಮೈ ರೂಮ್’ ಅಂದರೆ ಕಾಫಿ ದುಡ್ಡನ್ನು ರೂಮಿನ ಬಿಲ್ಲಿಗೆ ಸೇರಿಸಿ ಅಂತ. ‘ಚಾರ್ಜ್ ಅಗೇನ್ಸ್ಟ್’ ಬಂದರೆ ಹೆಚ್ಚಾಗಿ ಆರೋಪ. ‘ಚಾರ್ಜ್ ಅಟ್’ ಬಂದರೆ ನುಗ್ಗುವುದು. ‘ಚಾರ್ಜ್ ಆನ್’ ಬಂದರೆ ಒಂದು ಕ್ಷಣ ನಿಲ್ಲಿ, ಅದು ಆಸ್ತಿಯ ಮೇಲಿನ ಹಕ್ಕಾಗಿರಬಹುದು. ಅದರ ಕಥೆ ಮುಂದೆ ಇದೆ.

‘ಚಾರ್ಜ್ಡ್ ವಿತ್’ ಸ್ವಲ್ಪ ಕಳ್ಳ. ಕೊಲೆ, ವಂಚನೆ, ಕಳ್ಳತನ ಮುಂದೆ ಬಂದರೆ ಆರೋಪ. ‘ವರದಿ ಸಿದ್ಧಪಡಿಸುವುದು’, ‘ಮೇಲ್ವಿಚಾರಣೆ’ ಇಂಥದ್ದು ಬಂದರೆ ಜವಾಬ್ದಾರಿ ವಹಿಸಿದ್ದಾರೆ ಅಂತ ಅರ್ಥ. ಒಬ್ಬ ಅಧಿಕಾರಿ ‘ಚಾರ್ಜ್ಡ್ ವಿತ್ ಇನ್ವೆಸ್ಟಿಗೇಟಿಂಗ್ ದಿ ಸ್ಕ್ಯಾಮ್’ ಆಗಿದ್ದರೆ ಅವರು ಹಗರಣದ ತನಿಖೆ ಮಾಡುವವರು. ಹಗರಣದಲ್ಲಿ ಸಿಕ್ಕಿಬಿದ್ದವರಲ್ಲ. ಆತುರದಲ್ಲಿ ಅನುವಾದ ಮಾಡಿದರೆ ಒಬ್ಬ ನಿಷ್ಠಾವಂತ ಮನುಷ್ಯ ಆರೋಪಿಯಾಗಿಬಿಡುತ್ತಾನೆ.

ಇನ್ನೊಂದು ಜೋಡಿ: ‘ಇನ್ ಚಾರ್ಜ್ ಆಫ್’ ಮತ್ತು ‘ಇನ್ ದಿ ಚಾರ್ಜ್ ಆಫ್’. ಒಂದು ‘ದಿ’ಯಷ್ಟೇ ವ್ಯತ್ಯಾಸ, ಅರ್ಥ ಮಾತ್ರ ಉಲ್ಟಾ. ನರ್ಸ್ ಮಗುವಿನ ‘ಇನ್ ಚಾರ್ಜ್ ಆಫ್’ ಇದ್ದರೆ ನೋಡಿಕೊಳ್ಳುವವರು ನರ್ಸ್. ಮಗು ನರ್ಸಿನ ‘ಇನ್ ದಿ ಚಾರ್ಜ್ ಆಫ್’ ಇದ್ದರೂ ನೋಡಿಕೊಳ್ಳುವವರು ನರ್ಸೇ, ಆದರೆ ವಾಕ್ಯ ಮಗುವಿನಿಂದ ಶುರುವಾಗಿದೆ. ಮೊದಲನೆಯದರಲ್ಲಿ ಮುಂದೆ ಇರುವವರು ಹೊರುತ್ತಾರೆ, ಎರಡನೆಯದರಲ್ಲಿ ಮುಂದೆ ಇರುವವರನ್ನು ಬೇರೆಯವರು ಹೊತ್ತಿರುತ್ತಾರೆ.

ಪುಟ್ಟ ಪದ ಇಲ್ಲವೇ ಇಲ್ಲ ಅಂದಾಗ? ಆಗ ಕರ್ತೃ ಯಾರು ನೋಡಬೇಕು. ‘ದಿ ಓನರ್ ಚಾರ್ಜ್ಡ್ ದಿ ಕಾರ್’ ಅಂದರೆ ಮಾಲೀಕ ತನ್ನ ಎಲೆಕ್ಟ್ರಿಕ್ ಕಾರಿಗೆ ಚಾರ್ಜ್ ಹಾಕಿದ. ‘ದಿ ಎಲಿಫೆಂಟ್ ಚಾರ್ಜ್ಡ್ ದಿ ಕಾರ್’ ಅಂದರೆ ಆನೆ ಕಾರಿನ ಮೇಲೆ ನುಗ್ಗಿ ಬಂತು. ಬಂಡೀಪುರದ ರಸ್ತೆಯಲ್ಲಿ ಎರಡೂ ಆಗಬಹುದು, ಒಂದೇ ದಿನ ಆಗದಿದ್ದರೆ ಸಾಕು. ಕಾಡಿನ ವಿಷಯ ಬರೆಯುವವರು ‘ಮಾಕ್ ಚಾರ್ಜ್’ ಅಂತಲೂ ಬರೆಯುತ್ತಾರೆ. ಆನೆ ಕಿವಿ ಅಗಲಿಸಿ, ಘೀಳಿಟ್ಟು, ನಾಲ್ಕು ಹೆಜ್ಜೆ ಓಡಿ ಬಂದು ನಿಂತುಬಿಡುವುದು, ಸುಮ್ನೆ ಹೆದರಿಸುವುದಕ್ಕೆ. ಇದಕ್ಕೆ ‘ಅಣಕು ಶುಲ್ಕ’ ಅಂತ ಬರೆದರೆ ಆನೆಗೂ ನಗು ಬಂದೀತು.

ಹೆಜ್ಜೆ 4: ಕೋರ್ಟು, ಪೊಲೀಸು ಬಂದಾಗ ನಿಧಾನ

ಇಲ್ಲಿ ತಪ್ಪಾದರೆ ಒಬ್ಬರ ಮಾನ ಹೋಗುತ್ತೆ. ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ.

ನಮ್ಮ ದೇಶದಲ್ಲಿ ಕ್ರಮ ಹೀಗೆ. ಮೊದಲು ಎಫ್‌ಐಆರ್. ಅದು ದೂರಿನ ದಾಖಲೆ ಅಷ್ಟೇ. ಪೊಲೀಸರು ತನಿಖೆ ಮುಗಿಸಿ ಕೋರ್ಟಿಗೆ ಕೊಡುವ ಅಂತಿಮ ವರದಿಯಲ್ಲಿ ಇಂಥವರು ತಪ್ಪು ಮಾಡಿದ್ದಾರೆ ಅಂತ ಹೇಳಿದ್ದರೆ ಅದನ್ನು ಚಾರ್ಜ್‌ಶೀಟ್ ಅಂತೀವಿ, ಕನ್ನಡ ಪತ್ರಿಕೆಗಳಲ್ಲಿ ದೋಷಾರೋಪ ಪಟ್ಟಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 193ನೇ ಕಲಮು. ಹಳೇ ಸಿಆರ್‌ಪಿಸಿಯಲ್ಲಿ 173 ಇತ್ತು. ಆಮೇಲೆ ನ್ಯಾಯಾಧೀಶರು ಕಾಗದಪತ್ರ ನೋಡಿ, ಎರಡೂ ಕಡೆಯ ಮಾತು ಕೇಳಿ, ವಿಚಾರಣೆ ನಡೆಸುವಷ್ಟು ವಿಷಯ ಇದೆ ಅನಿಸಿದರೆ ಆರೋಪ ನಿಗದಿ ಮಾಡುತ್ತಾರೆ. ಇಂಗ್ಲಿಷ್‌ನಲ್ಲಿ ‘ಫ್ರೇಮಿಂಗ್ ಆಫ್ ಚಾರ್ಜಸ್’ ಅನ್ನುವುದು ಇದನ್ನೇ. ವಿಚಾರಣೆ ನಿಜವಾಗಿ ಶುರುವಾಗುವುದು ಇದಾದ ಮೇಲೆ.

ಅಂದರೆ ಪೊಲೀಸರು ಕೊಡುವ ಚಾರ್ಜ್‌ಶೀಟ್ ಬೇರೆ, ನ್ಯಾಯಾಧೀಶರು ನಿಗದಿ ಮಾಡುವ ಚಾರ್ಜ್ ಬೇರೆ. ಎರಡರಲ್ಲಿ ಯಾವುದು ಆಗಿದ್ದರೂ ಮನುಷ್ಯ ಇನ್ನೂ ಆರೋಪಿ ಮಾತ್ರ, ಅಪರಾಧಿ ಅಲ್ಲ. ವಾಟ್ಸಾಪಿನಲ್ಲಿ ‘ಚಾರ್ಜ್‌ಶೀಟ್ ಆಯ್ತಂತೆ, ತಪ್ಪು ಸಾಬೀತಾಯ್ತು’ ಅಂತ ಹಂಚುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ.

ಹೊರದೇಶದ ಸುದ್ದಿ ಓದುವಾಗ ಇನ್ನೊಂದು ಎಚ್ಚರ ಬೇಕು. ಬ್ರಿಟನ್ನಿನಲ್ಲಿ ಒಬ್ಬರನ್ನು ‘ಚಾರ್ಜ್’ ಮಾಡುವುದು ಪೊಲೀಸರು, ಗಂಭೀರ ಪ್ರಕರಣಗಳಲ್ಲಿ ಸರ್ಕಾರಿ ಅಭಿಯೋಜಕರ ಅನುಮತಿ ಪಡೆದು. ಬಂಧಿಸಿದ ಒಂದೆರಡು ದಿನದಲ್ಲೇ ಇದು ಆಗಿಬಿಡುವುದು ಮಾಮೂಲು. ಅಮೆರಿಕದಲ್ಲಿ ಆ ಕೆಲಸ ಪ್ರಾಸಿಕ್ಯೂಟರದ್ದು. ಹಾಗಾಗಿ ಲಂಡನ್ನಿನ ಸುದ್ದಿಯಲ್ಲಿ ‘ಚಾರ್ಜ್ಡ್’ ಅಂತ ಕಂಡರೆ ನಮ್ಮ ಲೆಕ್ಕದಲ್ಲಿ ‘ಚಾರ್ಜ್‌ಶೀಟ್ ಸಲ್ಲಿಕೆ’ ಅಂತ ಬರೆಯಬೇಡಿ, ‘ಕೋರ್ಟ್ ಆರೋಪ ನಿಗದಿ ಮಾಡಿದೆ’ ಅಂತಲೂ ಬೇಡ. ‘ಅಧಿಕೃತವಾಗಿ ಆರೋಪ ಹೊರಿಸಲಾಗಿದೆ’ ಅಂದರೆ ಸಾಕು, ಸರಿಯಾಗಿರುತ್ತೆ.

ಹೆಜ್ಜೆ 5: ಸಾಲದ ಕಾಗದದಲ್ಲಿ ಎರಡು ಚಾರ್ಜ್ ಇರುತ್ತವೆ

ನನ್ನ ಪ್ರಕಾರ ಜೇಬಿಗೆ ನೇರವಾಗಿ ತಾಗುವ ಗೊಂದಲ ಇದೇ. ಗೃಹಸಾಲದ ಪತ್ರ ತೆರೆದು ನೋಡಿ. ಪ್ರೊಸೆಸಿಂಗ್ ಚಾರ್ಜ್, ತಡವಾದರೆ ದಂಡದ ಚಾರ್ಜ್, ಅವಧಿಗೆ ಮೊದಲೇ ತೀರಿಸಿದರೆ ಫೋರ್‌ಕ್ಲೋಶರ್ ಚಾರ್ಜ್. ಇವೆಲ್ಲ ದುಡ್ಡು. ಅದೇ ಪತ್ರದ ಮುಂದಿನ ಪುಟದಲ್ಲಿ ‘ಚಾರ್ಜ್ ಆನ್ ದಿ ಪ್ರಾಪರ್ಟಿ’ ಅಂತ ಇರುತ್ತೆ. ಇದು ದುಡ್ಡಲ್ಲ. ಸಾಲ ತೀರುವವರೆಗೆ ಆ ಆಸ್ತಿಯ ಮೇಲೆ ಬ್ಯಾಂಕಿಗಿರುವ ಹಕ್ಕು. ಆಸ್ತಿ ನಿಮ್ಮದೇ, ನೀವೇ ವಾಸ ಮಾಡಬಹುದು, ಆದರೆ ಅದರ ಮೇಲೆ ಒಂದು ಭಾರ ಕೂತಿದೆ.

ಆಸ್ತಿ ವರ್ಗಾವಣೆ ಕಾಯ್ದೆ 1882ರದ್ದು. ಅದರಲ್ಲಿ 58ನೇ ಕಲಮು ಅಡಮಾನದ ಬಗ್ಗೆ, 100ನೇ ಕಲಮು ಚಾರ್ಜ್ ಬಗ್ಗೆ. ಎರಡೂ ಒಂದೇ ಅಲ್ಲ. ಅಡಮಾನದಲ್ಲಿ ಆಸ್ತಿಯಲ್ಲಿನ ಒಂದು ಹಿತಾಸಕ್ತಿಯೇ ಸಾಲ ಕೊಟ್ಟವರಿಗೆ ವರ್ಗಾವಣೆ ಆಗುತ್ತೆ. ಚಾರ್ಜಿನಲ್ಲಿ ಹಾಗೆ ವರ್ಗಾವಣೆ ಇಲ್ಲ, ಆ ಆಸ್ತಿಯಿಂದ ಬಾಕಿ ವಸೂಲಿ ಮಾಡಿಕೊಳ್ಳುವ ಹಕ್ಕು ಮಾತ್ರ. ಮಾತಿನಲ್ಲಿ ಬ್ಯಾಂಕಿನವರು ಎರಡಕ್ಕೂ ಚಾರ್ಜ್ ಅಂದುಬಿಡುತ್ತಾರೆ. ಕಂಪನಿ ಕಾಯ್ದೆ 2013ರ ವ್ಯಾಖ್ಯಾನದಲ್ಲಂತೂ ಅಡಮಾನವೂ ಚಾರ್ಜಿನೊಳಗೇ ಸೇರಿದೆ. ಕಂಪನಿಗಳು ತಮ್ಮ ಆಸ್ತಿಯ ಮೇಲೆ ಹೀಗೆ ಚಾರ್ಜ್ ಮಾಡಿಕೊಟ್ಟರೆ 30 ದಿನದಲ್ಲಿ ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸಬೇಕು. ಸಾಲ ತೀರಿದ ಮೇಲೆ ಅದನ್ನು ತೆಗೆಸುವುದಕ್ಕೆ ಇರುವ ಹೆಸರು ‘ಸ್ಯಾಟಿಸ್ಫ್ಯಾಕ್ಷನ್ ಆಫ್ ಚಾರ್ಜ್’. ಶುಲ್ಕದ ಬಗ್ಗೆ ಗ್ರಾಹಕರಿಗೆ ತೃಪ್ತಿ ಇದೆಯಾ ಅಂತ ಕೇಳುವ ಫಾರಂ ಅಲ್ಲ ಅದು! ಋಣ ತೀರಿತು, ಭಾರ ಇಳಿಯಿತು ಅಂತ.

ಇದರಿಂದ ನಿಮಗೇನು ಉಪಯೋಗ ಅಂದರೆ, ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರಿನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಆ ವರ್ಷದ ಡಿಸೆಂಬರ್ 1ರಿಂದ ಜಾರಿ. ವ್ಯಕ್ತಿಗಳು ಪಡೆದ ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಆಸ್ತಿಪತ್ರಗಳನ್ನು ವಾಪಸ್ ಕೊಡಬೇಕು, ನೋಂದಣಿ ಆಗಿರುವ ‘ಚಾರ್ಜಸ್’ ತೆಗೆಸಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇಲ್ಲಿ ಚಾರ್ಜಸ್ ಅನ್ನುವುದನ್ನು ಶುಲ್ಕ ಅಂತ ಓದಿಕೊಂಡವರು ‘ನನ್ನ ಹತ್ತಿರ ಯಾವ ಶುಲ್ಕವೂ ಬಾಕಿ ಇಲ್ಲ, ನನಗೆ ಸಂಬಂಧ ಇಲ್ಲ’ ಅಂತ ಸುಮ್ಮನಾಗುತ್ತಾರೆ. ಸಾಲ ತೀರಿ ವರ್ಷಗಳಾದ ಮೇಲೆ ಮನೆ ಮಾರಲು ಹೋದಾಗ ಋಣಭಾರ ಪತ್ರದಲ್ಲಿ ಬ್ಯಾಂಕಿನ ಹೆಸರು ಇನ್ನೂ ಹಾಗೇ ಕೂತಿರುತ್ತೆ.

ಜಮೀನಿಗೂ ಇದೇ ಮಾತು. ಪಹಣಿಯ 11ನೇ ಕಾಲಂ ನೋಡಿ, ಋಣಗಳು ಬರುವುದು ಅಲ್ಲಿ. ಬೆಳೆಸಾಲ ತೀರಿಸಿದ ಮೇಲೆ ಅಲ್ಲಿಂದ ಅದನ್ನು ತೆಗೆಸುವುದನ್ನು ಮರೆಯಬೇಡಿ.

ಅಮೆರಿಕದಲ್ಲಿ ಇರುವವರಿಗೆ ಇನ್ನೊಂದು ಪದ ಎದುರಾಗುತ್ತೆ: ಕ್ರೆಡಿಟ್ ರಿಪೋರ್ಟಿನ ‘ಚಾರ್ಜ್ ಆಫ್’. ಸಾಲ ಮನ್ನಾ ಆಯ್ತು ಅಂತ ಖುಷಿಪಡಬೇಡಿ. ಕಾರ್ಡ್ ಕಂಪನಿ ತನ್ನ ಲೆಕ್ಕದ ಪುಸ್ತಕದಲ್ಲಿ ಅದನ್ನು ನಷ್ಟ ಅಂತ ಬರೆದುಕೊಂಡಿದೆ, ಕಾರ್ಡಿನ ಬಾಕಿಗೆ ಸಾಮಾನ್ಯವಾಗಿ 180 ದಿನ ಕಟ್ಟದಿದ್ದಾಗ. ಸಾಲ ನಿಮ್ಮ ತಲೆಯ ಮೇಲೆ ಇನ್ನೂ ಇದ್ದೇ ಇದೆ. ‘ಚಾರ್ಜ್‌ಬ್ಯಾಕ್’ ಬೇರೆ. ಕಾರ್ಡಿನಲ್ಲಿ ಕಡಿತವಾದ ದುಡ್ಡು ನಮ್ಮದಲ್ಲ, ಅಥವಾ ಸಾಮಾನೇ ಬರಲಿಲ್ಲ ಅಂತ ತಕರಾರು ಮಾಡಿ ವಾಪಸ್ ಪಡೆಯುವುದು. ಇದು ಇಲ್ಲೂ ಇದೆ.

ಹೆಜ್ಜೆ 6: ಸರ್ಕಾರಿ ನೌಕರರ ಚಾರ್ಜ್

ಒಬ್ಬರೇ ನೌಕರರಿಗೆ ಒಂದೇ ವರ್ಷದಲ್ಲಿ ಮೂರು ಥರದ ಚಾರ್ಜ್ ಸಿಗಬಹುದು. ಮೇಲಿನ ಹುದ್ದೆ ಖಾಲಿ ಇದೆ ಅಂತ ಪ್ರಭಾರ ವಹಿಸುತ್ತಾರೆ. ಕರ್ನಾಟಕ ನಾಗರಿಕ ಸೇವಾ ನಿಯಮಗಳ 32ನೇ ನಿಯಮದಲ್ಲಿ ಇದಕ್ಕೆ ಅವಕಾಶ ಇದೆ. ಪ್ರಭಾರ ಮುಖ್ಯ ಶಿಕ್ಷಕರು, ಪ್ರಭಾರ ಬಿಇಒ ಅಂತ ಕೇಳಿರುತ್ತೀರಿ. ಹಾಗೆ ಹೊತ್ತ ಭಾರಕ್ಕೆ ಕೊಡುವ ಭತ್ಯೆ ‘ಚಾರ್ಜ್ ಅಲೋಯೆನ್ಸ್’. ಕೆಲಸದಲ್ಲಿ ಏನಾದರೂ ಎಡವಟ್ಟಾದರೆ ‘ಆರ್ಟಿಕಲ್ಸ್ ಆಫ್ ಚಾರ್ಜ್’ ಬರುತ್ತೆ. ಅದು ಆಪಾದನೆಗಳ ಪಟ್ಟಿ, ಸರ್ಕಾರಿ ನೌಕರರ ಶಿಸ್ತಿಗೆ ಸಂಬಂಧಿಸಿದ 1957ರ ಸಿಸಿಎ ನಿಯಮಗಳ ಪ್ರಕಾರ ಇಲಾಖಾ ವಿಚಾರಣೆಗೆ ಮೊದಲು ಕೊಡುವಂಥದ್ದು. ಇದು ಕ್ರಿಮಿನಲ್ ಕೇಸಲ್ಲ. ಅದಕ್ಕೆ ಉತ್ತರ ಬರೆಯಲು ಅವಕಾಶ ಕೊಟ್ಟೇ ಕೊಡುತ್ತಾರೆ.

ವರ್ಗಾವಣೆ ಆದಾಗ ಬರೆಯುವ ‘ಸಿಟಿಸಿ’ ಕೂಡ ಚಾರ್ಜ್ ಕುಟುಂಬದ್ದೇ, ಪ್ರಭಾರ ವರ್ಗಾವಣೆಯ ಪ್ರಮಾಣಪತ್ರ. ವಿಧಾನಸೌಧದ ಸಿಟಿಸಿಗೂ ಐಟಿ ಕಂಪನಿಯ ಸಿಟಿಸಿಗೂ, ಅಂದರೆ ನೌಕರರಿಗೆ ಕಂಪನಿ ಮಾಡುವ ಒಟ್ಟು ಖರ್ಚಿನ ಲೆಕ್ಕಕ್ಕೂ, ಸಂಬಂಧ ಇಲ್ಲ. ಮನೆಯಲ್ಲಿ ಅಪ್ಪ ಸರ್ಕಾರಿ ನೌಕರ, ಮಗಳು ಸಾಫ್ಟ್‌ವೇರ್ ಆಗಿದ್ದರೆ ಈ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತೆ.

ರಾಯಭಾರ ಕಚೇರಿಗಳಲ್ಲಿ ಇದೇ ಪ್ರಭಾರಕ್ಕೆ ಫ್ರೆಂಚ್ ಹೆಸರು: ‘ಶಾರ್ಜೆ ದಫೇರ್’. ‘ಚಾರ್ಜ್ ಡಿ ಅಫೇರ್ಸ್’ ಅಂತ ಬರೆದದ್ದನ್ನು ಕಂಡು ಯಾವುದೋ ಅಫೇರಿನ ಆರೋಪ ಅಂದುಕೊಳ್ಳಬೇಡಿ. ಪೂರ್ಣಪ್ರಮಾಣದ ರಾಯಭಾರಿ ಇಲ್ಲದಾಗ ಕಚೇರಿ ನಡೆಸುವ ಅಧಿಕಾರಿ ಅವರು. 2019ರ ಆಗಸ್ಟಿನಲ್ಲಿ ಭಾರತ–ಪಾಕಿಸ್ತಾನ ಸಂಬಂಧ ಹದಗೆಟ್ಟ ಮೇಲೆ ದೆಹಲಿಯಲ್ಲೂ ಇಸ್ಲಾಮಾಬಾದಿನಲ್ಲೂ ಹೈಕಮಿಷನರ್ ಜಾಗದಲ್ಲಿ ಇಂಥವರೇ ಕೂತರು.

ಹೆಜ್ಜೆ 7: ಬಿಲ್ಲಿನ ಚಾರ್ಜ್, ಬ್ಯಾಟರಿಯ ಚಾರ್ಜ್

ಬಿಲ್ಲಿನಲ್ಲಿ ಚಾರ್ಜ್ ಅಂದರೆ ದುಡ್ಡು, ಸರಿ. ಆದರೆ ಯಾವುದಕ್ಕೆ ದುಡ್ಡು ಅನ್ನುವುದನ್ನು ನೋಡಿ. ಕರೆಂಟ್ ಬಿಲ್ಲಿನಲ್ಲಿ ‘ಫಿಕ್ಸೆಡ್ ಚಾರ್ಜ್’ ನಿಮ್ಮ ಮನೆಗೆ ಮಂಜೂರಾದ ಲೋಡಿಗೆ, ಅಂದರೆ ಎಷ್ಟು ಕಿಲೋವಾಟ್ ತಗೊಂಡಿದ್ದೀರೋ ಅದಕ್ಕೆ. ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದರೂ ಇದು ಬರುತ್ತೆ. ‘ಎನರ್ಜಿ ಚಾರ್ಜ್’ ಉರಿಸಿದ ಯೂನಿಟ್ಟಿಗೆ.

ಹೋಟೆಲಿನ ‘ಸರ್ವಿಸ್ ಚಾರ್ಜ್’ ತೆರಿಗೆ ಅಲ್ಲ. ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ದುಡ್ಡು, ಇದು ಹೋಟೆಲಿನವರೇ ಇಟ್ಟುಕೊಳ್ಳುವ ದುಡ್ಡು. ಗ್ರಾಹಕರ ಒಪ್ಪಿಗೆ ಇಲ್ಲದೆ ಬಿಲ್ಲಿಗೆ ತಾನಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಇನ್ನು ಆದಾಯ ತೆರಿಗೆಯ ‘ಸರ್‌ಚಾರ್ಜ್’ ಅಂದರೆ ಹೇರಿನ ಮೇಲೆ ಇನ್ನೊಂದು ಹೇರು. ಅದನ್ನು ಲೆಕ್ಕ ಹಾಕುವುದು ಆದಾಯದ ಮೇಲಲ್ಲ, ತೆರಿಗೆಯ ಮೇಲೆ. ಜಿಎಸ್‌ಟಿಯ ‘ರಿವರ್ಸ್ ಚಾರ್ಜ್’ನಲ್ಲಿ ಭಾರ ಹೊರುವವರು ಬದಲಾಗುತ್ತಾರೆ. ಮಾರಿದವರ ಬದಲು ಕೊಂಡವರೇ ಸರ್ಕಾರಕ್ಕೆ ತೆರಿಗೆ ಕಟ್ಟಬೇಕು.

ಭೌತಶಾಸ್ತ್ರದ ಚಾರ್ಜ್ ವಿದ್ಯುದಾವೇಶ. 18ನೇ ಶತಮಾನದಲ್ಲಿ ಲೇಡನ್ ಜಾಡಿಯಲ್ಲಿ ವಿದ್ಯುತ್ ಕೂಡಿಡುವ ಪ್ರಯೋಗ ಮಾಡುತ್ತಿದ್ದವರು, ಕೋವಿಗೆ ಮದ್ದು ತುಂಬುವ ಪದವನ್ನೇ ಜಾಡಿಗೂ ಬಳಸಿದರು. ಬೆಂಜಮಿನ್ ಫ್ರಾಂಕ್ಲಿನ್ ಅಂಥ ಜಾಡಿಗಳ ಸಾಲಿಗೆ ‘ಬ್ಯಾಟರಿ’ ಅಂದದ್ದೂ ಫಿರಂಗಿಗಳ ಸಾಲಿನ ಹೆಸರೇ. ಆವೇಶದ ಅಳತೆ ಕೂಲಮ್. ನಿಮ್ಮ ಫೋನಿನ ಬ್ಯಾಟರಿ 5,000 ಮಿಲಿಆಂಪಿಯರ್ ಅವರ್ ಅಂತ ಬರೆದಿದ್ದರೆ ಅದು 18,000 ಕೂಲಮ್. ಮಕ್ಕಳಿಗೆ ಪಾಠ ಹೇಳುವಾಗ ಈ ಲೆಕ್ಕ ಮಾಡಿ ತೋರಿಸಿ, ಪುಸ್ತಕದ ಚಾರ್ಜೂ ಜೇಬಿನ ಚಾರ್ಜೂ ಒಂದೇ ಅಂತ ಗೊತ್ತಾಗುತ್ತೆ.

ಹೆಜ್ಜೆ 8: ಡಿಸ್ಚಾರ್ಜ್ ಬಂದರೆ ಇಳಿಸಿ ನೋಡಿ

ಚಾರ್ಜ್ ಹೇರುವುದಾದರೆ ಡಿಸ್ಚಾರ್ಜ್ ಇಳಿಸುವುದು. ಆಸ್ಪತ್ರೆಯಿಂದ ಕಳಿಸುವುದು ಎಲ್ಲರಿಗೂ ಗೊತ್ತು. ಬ್ಯಾಟರಿ ಖಾಲಿಯಾಗುವುದೂ ಅದೇ, ಗಾಯದಿಂದ ಕೀವು ಸೋರುವುದೂ ಅದೇ, ಸಾಲ ತೀರಿಸುವುದೂ ಅದೇ. ಕೆಆರ್‌ಎಸ್ ತುಂಬಿದಾಗ ಇಂಗ್ಲಿಷ್ ಸುದ್ದಿಯಲ್ಲಿ ಬರುವ ಡಿಸ್ಚಾರ್ಜ್ ಅಂದರೆ ಹೊರಹರಿವು, ಕ್ಯುಸೆಕ್ ಲೆಕ್ಕ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್.

ಒಂದು ಕಡೆ ಮಾತ್ರ ಇದು ತಿರುಗಿ ನಿಲ್ಲುತ್ತೆ: ‘ಡಿಸ್ಚಾರ್ಜ್ ಹಿಸ್ ಡ್ಯೂಟೀಸ್’. ಕರ್ತವ್ಯದಿಂದ ಬಿಡುಗಡೆ ಅಂತ ಅಲ್ಲ. ಕರ್ತವ್ಯ ನಿರ್ವಹಿಸುವುದು. ಹೊತ್ತ ಕೆಲಸ ಮಾಡಿ ಮುಗಿಸಿದರೆ ಭಾರ ಇಳಿಯುತ್ತೆ ಅನ್ನುವ ಲೆಕ್ಕ. ‘ಡಿಸ್ಚಾರ್ಜ್ಡ್ ಫ್ರಮ್’ ಅಂತ ಬಂದರೆ ಮಾತ್ರ ಬಿಡುಗಡೆ. ಮತ್ತೆ ಅದೇ ಪುಟ್ಟ ಪದದ ಕೈಚಳಕ.

ಕೋರ್ಟಿನಲ್ಲಿ ಆರೋಪಿ ಡಿಸ್ಚಾರ್ಜ್ ಆದರು ಅಂದರೆ ಖುಲಾಸೆ ಅಂತ ಬರೆಯಬೇಡಿ. ವಿಚಾರಣೆ ನಡೆಸುವಷ್ಟೂ ಆಧಾರ ಇಲ್ಲ ಅಂತ ಆರೋಪ ನಿಗದಿಗೆ ಮೊದಲೇ ಕೈಬಿಟ್ಟರೆ ಡಿಸ್ಚಾರ್ಜ್. ವಿಚಾರಣೆ ನಡೆದು ನಿರ್ದೋಷಿ ಅಂತ ತೀರ್ಪು ಬಂದರೆ ಖುಲಾಸೆ. ಮೊದಲನೆಯದರಲ್ಲಿ ಹೊಸ ಸಾಕ್ಷ್ಯ ಸಿಕ್ಕರೆ ಪ್ರಕರಣ ಮತ್ತೆ ಎದ್ದೀತು.

ಹೆಜ್ಜೆ 9: ನಿಘಂಟು, ಮಷಿನ್ ಅನುವಾದ

ನಿಘಂಟಿನಲ್ಲಿ ಮೊದಲು ಕೊಟ್ಟ ಅರ್ಥವೇ ಮುಖ್ಯ ಅಂತ ನಂಬಬೇಡಿ. ಮೆರಿಯಮ್–ವೆಬ್‌ಸ್ಟರ್‌ನಂಥ ನಿಘಂಟುಗಳು ಹಳೇ ಅರ್ಥವನ್ನು ಮೊದಲು ಕೊಡುತ್ತವೆ. ಕಲಿಯುವವರಿಗಾಗಿ ಮಾಡಿದ ನಿಘಂಟುಗಳಲ್ಲಿ ಸಾಮಾನ್ಯವಾಗಿ ಬಳಕೆ ಜಾಸ್ತಿ ಇರುವುದು ಮೊದಲು. ಎರಡನೆಯ ಬಗೆಯದನ್ನೇ ಇಟ್ಟುಕೊಳ್ಳಿ, ಅದರಲ್ಲಿ ಪುಟ್ಟ ಪದಗಳ ಜೊತೆ ಉದಾಹರಣೆ ವಾಕ್ಯಗಳೂ ಇರುತ್ತವೆ. ಫೋನಿನಲ್ಲಿ ಅನುವಾದ ಮಾಡಿಸುವುದಾದರೆ ಬರೀ ಪದ ಹಾಕಬೇಡಿ, ಪೂರ್ತಿ ವಾಕ್ಯ ಹಾಕಿ, ಸಾಧ್ಯವಾದರೆ ಅದರ ಹಿಂದಿನ ವಾಕ್ಯವನ್ನೂ ಹಾಕಿ. ಬಂದ ಕನ್ನಡದಲ್ಲಿ ‘ಶುಲ್ಕ’ ಕಂಡ ಕಡೆಯೆಲ್ಲ ಬೆರಳಿಟ್ಟು, ಇಲ್ಲಿ ನಿಜವಾಗಿ ದುಡ್ಡು ಕೈ ಬದಲಾಗುತ್ತಿದೆಯಾ ಅಂತ ಕೇಳಿ.

ಈಗ ನೀವೇ ಮಾಡಿ ನೋಡಿ

‘ದಿ ಬ್ಯಾಂಕ್ ಶಲ್ ಹ್ಯಾವ್ ಎ ಫಸ್ಟ್ ಚಾರ್ಜ್ ಆನ್ ದಿ ಸ್ಟಾಕ್.’ ಬ್ಯಾಂಕಿನ ಕಾಗದ, ಪಕ್ಕದಲ್ಲಿ ‘ಆನ್’. ದಾಸ್ತಾನಿನ ಮೇಲೆ ಬ್ಯಾಂಕಿಗೆ ಮೊದಲ ಹಕ್ಕು. ಮೊದಲ ಕಂತಿನ ಶುಲ್ಕ ಅಲ್ಲ.

‘ಶಿ ವಾಸ್ ಚಾರ್ಜ್ಡ್ ವಿತ್ ಟ್ರೈನಿಂಗ್ ದಿ ನ್ಯೂ ಸ್ಟಾಫ್.’ ತರಬೇತಿ ಕೊಡುವುದು ಅಪರಾಧ ಅಲ್ಲವಲ್ಲ, ಹಾಗಾಗಿ ಜವಾಬ್ದಾರಿ.

‘ದಿ ಕ್ಲಿನಿಕ್ ಟ್ರೀಟೆಡ್ ಹಿಮ್ ವಿದೌಟ್ ಚಾರ್ಜ್.’ ಉಚಿತವಾಗಿ ಚಿಕಿತ್ಸೆ ಕೊಟ್ಟರು.

‘ದಿ ಪೊಲೀಸ್ ರಿಲೀಸ್ಡ್ ಹಿಮ್ ವಿದೌಟ್ ಚಾರ್ಜ್.’ ಅದೇ ಎರಡು ಪದ, ಪುಟ್ಟ ಪದವೂ ಅದೇ, ಬದಲಾದದ್ದು ಕರ್ತೃ ಮತ್ತು ಅವರು ಮಾಡಿದ ಕೆಲಸ. ದುಡ್ಡು ತಗೊಳ್ಳದೆ ಬಿಟ್ಟರು ಅಂತ ಬರೆದರೆ ಠಾಣೆಯವರು ನಿಮ್ಮನ್ನು ಹುಡುಕಿಕೊಂಡು ಬಂದಾರು. ಯಾವ ಆರೋಪವನ್ನೂ ಹೊರಿಸದೆ ಬಿಟ್ಟರು.